ಏಕಾಂತಪ್ಪನವರು ವಾಪಸು ಕೊಟ್ಟ ಜೋಗುಳ

ದಾವಣಗೆರೆಯ ಹತ್ತಿಗಿರಣಿಯೊಂದರ ಫೋಲ್ಡಿಂಗ್ ಖಾತೆಯಲ್ಲಿ ಬಟ್ಟೆ ಪರೀಕ್ಷಿಸುವ ಕೆಲಸಕ್ಕಿದ್ದ ಏಕಾಂತಪ್ಪನವರನ್ನು ಊರು ‘ಐಬಿನ ಏಕಾಂತಪ್ಪ’ ಎಂದೇ ಗುರುತಿಸುತ್ತಿತ್ತು. ಇದರಲ್ಲಿ ಅವಮಾನವೇನೂ ಇರಲಿಲ್ಲ. ಐಬು ಹುಡುಕುವುದಕ್ಕೆಂದೇ ಗಿರಣಿಯವರು ಅವರನ್ನು ಇಟ್ಟುಕೊಂಡಿದ್ದರು. ಮಗ್ಗದಿಂದ ಇಳಿದ ಬಟ್ಟೆ ಇಳಿಜಾರಾದ ಮೇಜಿನ ಮೇಲೆ ಅವರೆದುರು ಜಾರಿ ಹೋಗುವಾಗ, ತಪ್ಪಿದ ಎಳೆಯಾಗಲಿ, ಗಂಟಾಗಲಿ, ಸಾಸಿವೆಯಷ್ಟು ಎಣ್ಣೆಯ ಕಲೆಯಾಗಲಿ ಅವರ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. ಐಬು ಕಂಡಲ್ಲಿ ನೀಲಿ ಪೆನ್ಸಿಲಿನ ಗೀಟು. ಕಾಣದಿದ್ದರೆ ಥಾನಿನ ಅಂಚಿಗೆ ‘ಪಾಸ್’ ಎಂಬ ಠಸ್ಸೆ. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಠಸ್ಸೆ ಬಿದ್ದ ಒಂದೇ ಒಂದು ಥಾನು ಕೂಡ ಪೇಟೆಯಿಂದ ಹಿಂದಕ್ಕೆ ಬಂದಿರಲಿಲ್ಲ.

ತೊಂದರೆಯಿದ್ದದ್ದು ಇಷ್ಟೆ: ಗಿರಣಿಯ ಕೂಗು ಆಗಿ ಅವರು ಮನೆಗೆ ಹೊರಟರೂ ಅವರ ಕಣ್ಣುಗಳು ಮಾತ್ರ ಕೆಲಸ ಬಿಡುತ್ತಿರಲಿಲ್ಲ. ಹೋಟೆಲಿನಲ್ಲಿ ದೋಸೆಯ ಒಂದು ಅಂಚು ಇನ್ನೊಂದಕ್ಕಿಂತ ದಪ್ಪವೆಂದು ಅದನ್ನು ಒಳಕ್ಕೆ ಕಳಿಸುತ್ತಿದ್ದರು. ಕ್ಷೌರದ ಅಂಗಡಿಯಲ್ಲಿ ಕಿವಿಯ ಮುಂದಿನ ಕೂದಲು ಎಡಕ್ಕೂ ಬಲಕ್ಕೂ ಒಂದೆಳೆ ಹೆಚ್ಚುಕಡಿಮೆಯಾದರೆ ಮತ್ತೆ ಕೂತುಬಿಡುತ್ತಿದ್ದರು. ಮದುವೆಯ ಕರೆಯೋಲೆ ಕೊಡಲು ಬಂದ ನೆಂಟರೊಬ್ಬರಿಗೆ ಅದರಲ್ಲಿದ್ದ ಎರಡು ಅಚ್ಚಿನ ತಪ್ಪುಗಳನ್ನು ತಿದ್ದಿ, ತಿದ್ದಿದ ಪ್ರತಿಯನ್ನು ವಿನಯದಿಂದ ಅವರ ಕೈಗೇ ಹಿಂದಿರುಗಿಸಿದ್ದರು. ಆ ಮದುವೆಗೆ ಹೋದಾಗ ಅವರಿಗೆ ಎರಡನೆಯ ಪಂಕ್ತಿಯಲ್ಲಿ ಎಲೆ ಹಾಕಿದ್ದರು. ಏಕೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

೧೯೫೭ನೇ ಇಸವಿಯ ಮಳೆಗಾಲದ ಕೊನೆಯಲ್ಲಿ ಅವರ ಒಬ್ಬಳೇ ಮಗಳು ಹೊನ್ನಕ್ಕನಿಗೆ ಹೆಣ್ಣುಕೂಸು ಹುಟ್ಟಿತು. ಹನ್ನೊಂದನೆಯ ದಿನ, ಕೂಸನ್ನು ಅಜ್ಜನ ತೊಡೆಯ ಮೇಲೆ ಮಲಗಿಸಿದಾಗ ಮನೆಯ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರು. ಏಕಾಂತಪ್ಪನವರು ಕನ್ನಡಕ ಸರಿಪಡಿಸಿಕೊಂಡು ನೆತ್ತಿಯಿಂದ ಪಾದದವರೆಗೆ ಒಂದು ಸಲ ನೋಡಿದರು, ಮಗ್ಗುಲು ತಿರುಗಿಸಿ ಇನ್ನೊಂದು ಸಲ ನೋಡಿದರು. ಕೈಕಾಲಿನ ಬೆರಳುಗಳನ್ನು ಎಣಿಸಿದರು. ಆಮೇಲೆ, “ಪಾಸ್,” ಎಂದರು.

ಅಂದಿನಿಂದ ದಿನವೂ ಸಂಜೆ ಗಿರಣಿಯಿಂದ ಬಂದು ಕೈಕಾಲು ತೊಳೆದ ಕೂಡಲೇ ಆ ಬೆರಳುಗಳನ್ನು ಎಣಿಸುವುದು ಅವರ ವಾಡಿಕೆಯಾಯಿತು. ದಿನವೂ ಇಪ್ಪತ್ತಕ್ಕೆ ಇಪ್ಪತ್ತು ಸರಿಯಾಗುತ್ತಿತ್ತು. ಅವರಿಗೆ ಅದರಿಂದ ಸಿಗುತ್ತಿದ್ದ ಸಂತೋಷವನ್ನು ಅವರು ಯಾರ ಬಳಿಯೂ ಬಾಯಿಬಿಟ್ಟು ಹೇಳಿದ್ದಿಲ್ಲ.

ಪಿ.ಜೆ. ಬಡಾವಣೆಯ ಆ ಮೂರು ಕೋಣೆಯ ಬಾಡಿಗೆ ಮನೆಯಲ್ಲಿ ಎಲ್ಲವೂ ಇತ್ತು. ಜೋಗುಳ ಮಾತ್ರ ಇರಲಿಲ್ಲ. ಅದಕ್ಕೆ ಕಾರಣ ಇಪ್ಪತ್ತು ವರ್ಷ ಹಳೆಯದು. ಹೊನ್ನಕ್ಕ ತೊಟ್ಟಿಲಲ್ಲಿದ್ದಾಗ ಏಕಾಂತಪ್ಪನವರ ಹೆಂಡತಿ ಪುಟ್ಟಕ್ಕ ಒಂದು ಮಧ್ಯಾಹ್ನ ತನ್ನ ತವರಿನ ಜೋಗುಳವೊಂದನ್ನು ಹಾಡಿದ್ದಳು. ಪಡಸಾಲೆಯಲ್ಲಿ ಕೂತಿದ್ದ ಗಂಡ ಹಾಡು ಮುಗಿಯುವವರೆಗೂ ಕಾದು, “ಚೆನ್ನಾಗೈತೆ. ಮೂರನೇ ನುಡಿಯಾಗೆ ಶ್ರುತಿ ಜಾರಿತು,” ಎಂದಿದ್ದರು. ಅವರ ಮಟ್ಟಿಗೆ ಅದು ಹೊಗಳಿಕೆಯೇ ಆಗಿತ್ತು. ಆರು ನುಡಿಗಳಲ್ಲಿ ಐದು ಪಾಸಾಗಿದ್ದವಲ್ಲ! ಪುಟ್ಟಕ್ಕ ಎದ್ದು ಒಳಗೆ ಹೋದಳು. ಆಮೇಲೆ ಹಾಡಲೇ ಇಲ್ಲ. ಬೀಸುವಾಗ, ಕುಟ್ಟುವಾಗ, ಹಬ್ಬದಲ್ಲಿ ಆರತಿ ಎತ್ತುವಾಗ ಕೂಡ ಅವಳ ಬಾಯಿಂದ ಒಂದು ಸೊಲ್ಲು ಹೊರಡಲಿಲ್ಲ. ಹಾಡು ಕೇಳಿ ಬೆಳೆಯದ ಹೊನ್ನಕ್ಕನಿಗೂ ಹಾಡು ಬರುತ್ತಿರಲಿಲ್ಲ.

ಹೀಗಾಗಿ, ಮೂರು ತಿಂಗಳಾದ ಕೂಸು ಮಲಗಲು ಹಟ ಮಾಡತೊಡಗಿದಾಗ ಏಕಾಂತಪ್ಪನವರು ಮಂಡಿಪೇಟೆಯ ಜಮಾಲುದ್ದೀನರ ಅಂಗಡಿಯಿಂದ ಹೊಚ್ಚಹೊಸ ಜೋಗುಳದ ಪ್ಲೇಟೊಂದನ್ನು ತಂದರು. ಮನೆಯಲ್ಲಿ ಕೀಲಿ ಕೊಡುವ ಹಳೆಯ ಗ್ರಾಮಫೋನು ಇತ್ತು. ಪ್ಲೇಟು ಹಾಕಿ, ಮುಳ್ಳು ಬದಲಿಸಿ, ಮೆಲ್ಲನೆ ಇಳಿಸಿದರು. ಹಾಡು ಶುರುವಾದ ಐದು ನಿಮಿಷಕ್ಕೆ, ಅಂದರೆ ಅದನ್ನು ಎರಡನೆಯ ಸಲ ಹಾಕುವಷ್ಟರಲ್ಲಿ, ಕೂಸು ನಿದ್ದೆ ಹೋಯಿತು. ಹೊನ್ನಕ್ಕ ಅಂಗೈ ಜೋಡಿಸಿ ಗ್ರಾಮಫೋನಿಗೇ ಕೈಮುಗಿದಳು.

ಏಕಾಂತಪ್ಪನವರು ಮಾತ್ರ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು. ಪ್ಲೇಟು ಒಂದು ಸುತ್ತು ಬಂದಾಗಲೆಲ್ಲ ಹಾಡುವವಳ ದನಿ ಒಂದು ಕೂದಲೆಳೆಯಷ್ಟು ಮೇಲಕ್ಕೇರಿ ಕೆಳಕ್ಕಿಳಿಯುತ್ತಿತ್ತು. ಸವೆದ ಗಾಲಿಯ ಗಾಡಿ ಸಮದಾರಿಯಲ್ಲೂ ಓಲಾಡಿಕೊಂಡು ಹೋಗುವಂತೆ. ಅವರು ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೋಟಿನ ಜೇಬಿನಿಂದ ಹಿತ್ತಾಳೆಯ ಅಳತೆಪಟ್ಟಿ ತೆಗೆದು ನಾಲ್ಕೂ ಕಡೆಯಿಂದ ಅಳೆದರು.

“ಐಬು ಐತೆ,” ಎಂದರು. “ತೂತು ನಡುವಿಗಿಲ್ಲ.”

“ಕೂಸು ಮಲಗೈತಲ್ರಿ, ತೂತು ಎಲ್ಲಿದ್ರೇನು?” ಎಂದಳು ಪುಟ್ಟಕ್ಕ.

“ಹುಟ್ಟಿದ ಮೂರನೇ ತಿಂಗಳಿಗೇ ಐಬಿನ ಹಾಡು ಕೇಳಿಸೋದೇನು? ಆ ಕಿವಿ ಇನ್ನೂ ಹೊಸದು.”

“ಅಪ್ಪಾ, ಇರ್ಲಿ ಬಿಡು,” ಎಂದಳು ಹೊನ್ನಕ್ಕ, ಬಾಣಂತಿಯ ನಿದ್ದೆಗಣ್ಣಲ್ಲಿ. ಆದರೆ ಅಷ್ಟರಲ್ಲಿ ಪ್ಲೇಟು ತನ್ನ ಕಾಗದದ ಚೀಲದೊಳಗೆ ಸೇರಿತ್ತು.

ಜಮಾಲುದ್ದೀನರ ಅಂಗಡಿಯಲ್ಲಿ ‘ಮಾರಿದ ಪ್ಲೇಟನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ’ ಎಂಬ ಹಲಗೆ ತೂಗಾಡುತ್ತಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ, ಬೇರೆ ಬಣ್ಣದಲ್ಲಿ, ‘ಕಾರ್ಖಾನೆಯ ಐಬು ಇದ್ದರೆ ಹೊರತು’ ಎಂದಿತ್ತು. ಎರಡನೆಯ ಸಾಲು ಸೇರಿದ್ದು ಏಕಾಂತಪ್ಪನವರ ವಾದದಿಂದ. ಆ ವಾದದ ಫಲವಾಗಿಯೇ ‘ವಾಪಸು ಚೀಟಿ’ಗಳ ಪುಸ್ತಕವೂ ಅಚ್ಚಾಗಿತ್ತು. ಅದರಲ್ಲಿ ಈವರೆಗೆ ಖರ್ಚಾಗಿದ್ದ ಹನ್ನೊಂದು ಹಾಳೆಗಳಲ್ಲಿ ಒಂಬತ್ತರ ಮೇಲೆ ಒಂದೇ ಸಹಿ ಇತ್ತು.

“ಬರ್ರಿ ಏಕಾಂತಪ್ನೋರೆ, ಕೂಡ್ರಿ,” ಎಂದರು ಜಮಾಲುದ್ದೀನ್. “ಬಗಲಾಗೆ ಪ್ಲೇಟು ಐತೆ ಅಂದ್ರೆ, ಚಾ ಮೊದ್ಲು ಹೇಳ್ಲೋ, ಚೀಟಿ ಮೊದ್ಲು ತೆಗೀಲೋ?”

“ಚೀಟಿ ತೆಗೀರಿ ಸಾಬ್ರೇ. ತೂತು ಇಂಚಿನ ಹದಿನಾರನೇ ಒಂದು ಪಾಲು ಪೂರ್ವಕ್ಕೆ ಸರಿದೈತೆ.”

“ಪೂರ್ವ? ದುಂಡನೆ ಪ್ಲೇಟಿಗೆ ಪೂರ್ವ ಎಲ್ಲಿಂದ ಬಂತ್ರಿ?”

“ಲೇಬಲ್ಲಿನ ಅಕ್ಷರ ನೆಟ್ಟಗೆ ಕಾಣಂಗೆ ಹಿಡಿದ್ರೆ ಬಲಗಡೆ ಪೂರ್ವ.”

ಜಮಾಲುದ್ದೀನ್ ಪ್ಲೇಟು ಹಾಕಿ ಕೇಳಿದರು. ತಲೆ ತೂಗಿದರು. “ಗಮಕ ಅಲ್ವೇನ್ರಿ ಇದು?”

“ಗಮಕ ಹಾಡೋರು ಮಾಡ್ಬೇಕು. ತೂತು ಮಾಡಬಾರ್ದು.”

“ಅದಿರ್ಲಿ, ಕೂಸು ಏನಂತೈತೆ?”

“ಕೂಸಿಗೇನು ಗೊತ್ತು? ಅದು ನಿದ್ದಿ ಮಾಡ್ತೈತೆ.”

“ಯಾ ಅಲ್ಲಾ! ಜೋಗುಳಕ್ಕೆ ಅದು ಬಿಟ್ಟು ಬ್ಯಾರೆ ಏನು ಕೆಲಸ ಐತ್ರಿ?”

ಏಕಾಂತಪ್ಪನವರು ಪೆನ್ನು ತೆಗೆದರು. ಚೀಟಿಯ ನಾಲ್ಕು ಕಲಮುಗಳನ್ನು, ಅಂದರೆ ಸರಕಿನ ಹೆಸರು, ಕೊಂಡ ದಿನ, ಐಬಿನ ವಿವರ, ಸಹಿ ಎಂಬುವನ್ನು, ಮುತ್ತಿನಂಥ ಅಕ್ಷರಗಳಿಂದ ತುಂಬಿದರು. ಅದೇ ಹಾಡಿನ ಇನ್ನೂ ನಾಲ್ಕು ಪ್ಲೇಟುಗಳು ಅಂಗಡಿಯಲ್ಲಿದ್ದವು. ನಾಲ್ಕನ್ನೂ ಅಳೆದು, ನಾಲ್ಕರಲ್ಲೂ ತೂತು ಕರಾರುವಾಕ್ಕಾಗಿ ನಡುವಿಗಿದೆಯೆಂದು ಖಚಿತವಾದ ಮೇಲೆ ಒಂದನ್ನು ಆರಿಸಿಕೊಂಡು ಮನೆಗೆ ನಡೆದರು.

ಹೊಸ ಪ್ಲೇಟಿನ ಹಾಡು ಅಪ್ಪಟವಾಗಿತ್ತು. ದನಿ ಎಳೆದ ದಾರದಂತೆ ನೇರವಾಗಿ ಬರುತ್ತಿತ್ತು. ಕೂಸು ಅದನ್ನು ಕಚೇರಿಗೆ ಬಂದ ರಸಿಕರಂತೆ ಕಣ್ಣರಳಿಸಿಕೊಂಡು ಆದಿಯಿಂದ ಅಂತ್ಯದವರೆಗೆ ಕೇಳಿತು. ಮುಗಿದ ಕೂಡಲೇ ಬಾಯ್ದೆರೆದು ಅಳತೊಡಗಿತು. ಮತ್ತೆ ಹಾಕಿದರು, ಮತ್ತೆ ಕೇಳಿತು, ಮತ್ತೆ ಅತ್ತಿತು. ಆರನೆಯ ಸಲ ಹಾಕಿದಾಗ ಹಾಡಿನ ನಡುವೆಯೇ ಶುರುಮಾಡಿತು.

“ಕೂಸು ವಾಪಸ್ ಮಾಡೈತೆ ನೋಡ್ರಿ,” ಎಂದಳು ಪುಟ್ಟಕ್ಕ.

ಮುಂದಿನ ಮೂರು ದಿನ ಆ ಮನೆಯಲ್ಲಿ ಹಗಲೂ ರಾತ್ರಿಯೂ ಯಾರೂ ಕಣ್ಣು ಮುಚ್ಚಲಿಲ್ಲ. ಐಬಿನ ಪ್ಲೇಟಿನ ಓಲಾಟವು ಬೆನ್ನು ತಟ್ಟುವ ಕೈಯ ಲಯಕ್ಕೆ ಸರಿಹೊಂದುತ್ತಿತ್ತೆಂಬುದನ್ನು ಏಕಾಂತಪ್ಪನವರು ಎರಡನೆಯ ದಿನ ತಾವೇ ಕಂಡುಹಿಡಿದರು. ಕಂಡುಹಿಡಿದದ್ದನ್ನು ಯಾರಿಗೂ ಹೇಳಲಿಲ್ಲ. ಗ್ರಾಮಫೋನಿನ ಒಂದು ಕಾಲಿನ ಕೆಳಗೆ ಮಡಿಸಿದ ಕಾಗದ ಇಟ್ಟು ನೋಡಿದರು. ಪೆಟ್ಟಿಗೆಯನ್ನೇ ಎರಡೂ ಕೈಯಲ್ಲಿ ಹಿಡಿದು ತೊಟ್ಟಿಲಿನಂತೆ ತೂಗಿ ನೋಡಿದರು. ಮುಳ್ಳು ಎಗರಿ ಹಾಡುವವಳು ಮೊದಲ ನುಡಿಯಿಂದ ಒಮ್ಮೆಲೇ ಮಂಗಳಕ್ಕೆ ಹಾರಿದಳು.

“ಅಪ್ಪಾ, ಆ ತೂತನ್ನ ಅರದಾಗೆ ಒಂಚೂರು ಉಜ್ಜಿ ಪಕ್ಕಕ್ಕೆ ಸರಿಸಿದ್ರೆ?” ಎಂದಳು ಹೊನ್ನಕ್ಕ.

ಏಕಾಂತಪ್ಪನವರ ಮುಖ ಬಿಳಿಚಿತು. “ಐಬಿಲ್ಲದ ಸರಕಿಗೆ ನಾನು ಐಬು ಮಾಡ್ಲೇನವ್ವ? ಇಪ್ಪತ್ತೆರಡು ವರ್ಷದ ನೌಕ್ರಿ ನಂದು!”

ಗುರುವಾರ ಹರಿಹರದಿಂದ ಬೀಗಿತ್ತಿ ಭೀಮವ್ವ ಬಂದರು. ಹೊನ್ನಕ್ಕನ ಅತ್ತೆಯಾದ ಈಕೆ ಗಟ್ಟಿ ಹೆಂಗಸು. ಐಬು ಹುಡುಕುವ ವಿಷಯದಲ್ಲಿ ಏಕಾಂತಪ್ಪನವರಿಗೆ ಸರಿಜೋಡಿ. ವ್ಯತ್ಯಾಸವೆಂದರೆ ಆಕೆಗೆ ಅಳತೆಪಟ್ಟಿ ಬೇಕಾಗುತ್ತಿರಲಿಲ್ಲ. ಮೊಮ್ಮಗಳ ಕೆಂಪಾದ ಕಣ್ಣು, ಸೊಸೆಯ ಇಳಿದ ಮುಖ, ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ ಪುಟ್ಟಕ್ಕ ಎಲ್ಲವನ್ನೂ ಒಂದೇ ನೋಟದಲ್ಲಿ ಸಮೀಕ್ಷಿಸಿದರು.

“ನಮ್ಮನ್ಯಾಗ ಕೂಸುಗಳು ಗ್ವಾಡಿ ನೋಡಿದ್ರ ಸಾಕು, ನಿದ್ದಿ ಮಾಡ್ತಾವ. ಇಲ್ಲಿ ಪೆಟ್ಟಿಗಿ ಹಾಡಿದ್ರೂ ಇಲ್ಲ!” ಎಂದರು. “ಬೀಗರ, ನಾ ಸೋಮವಾರ ಬರ್ತೀನಿ. ಅವತ್ತೂ ಕೂಸು ಹಿಂಗ ಅತ್ತಿತೋ, ತಾಯಿ ಮಗು ಇಬ್ರನ್ನೂ ಹನ್ನೆರಡೂವರಿ ಬಸ್ಸಿಗೆ ಕರ್ಕೊಂಡು ಹೊಂಟುಬಿಡ್ತೀನಿ ನೋಡ್ರಿ.”

ಬಾಣಂತಿ ತವರಿನಲ್ಲಿ ಐದು ತಿಂಗಳು ಇರುವುದು ನಡೆದುಬಂದ ಪದ್ಧತಿ. ಇನ್ನೂ ಎರಡು ತಿಂಗಳು ಬಾಕಿಯಿತ್ತು. ಏಕಾಂತಪ್ಪನವರು ಅಂದು ಸಂಜೆ ಕೂಸಿನ ಬೆರಳುಗಳನ್ನು ಎಣಿಸಲು ಕೂತರು. ಹನ್ನೆರಡಕ್ಕೆ ಬಂದಾಗ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದರು.

ಶನಿವಾರ ಗಿರಣಿ ಬಿಟ್ಟ ಕೂಡಲೇ ಅವರು ಮಂಡಿಪೇಟೆಗೆ ಹೋದರು. ಬಗಲಲ್ಲಿ ಪ್ಲೇಟು ಕಂಡ ಜಮಾಲುದ್ದೀನ್ ನಿಟ್ಟುಸಿರಿಟ್ಟು ಚೀಟಿಯ ಪುಸ್ತಕ ತೆಗೆದರು. “ಇದಕ್ಕೇನಾಗೈತ್ರಿ?”

“ಏನೂ ಆಗಿಲ್ಲ.”

“ಮತ್ತೆ?”

ಏಕಾಂತಪ್ಪನವರು ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡರು. “ಸಾಬ್ರೇ, ಮೊನ್ನೆ ನಾನು ವಾಪಸ್ ಕೊಟ್ಟಿದ್ನಲ್ಲ, ಅದು ಬೇಕಾಗಿತ್ತು. ಇದನ್ನ ತಗೊಂಡು ಅದನ್ನ ಕೊಡ್ರಿ.”

ಜಮಾಲುದ್ದೀನ್ ಚೀಟಿಯ ಪುಸ್ತಕವನ್ನು ಕೆಳಗಿಟ್ಟರು. ಆಮೇಲೆ ಟೋಪಿ ತೆಗೆದು, ತಲೆ ಕೆರೆದು, ಮತ್ತೆ ಹಾಕಿಕೊಂಡರು. “ಏಕಾಂತಪ್ನೋರೆ, ಐಬಿಂದು ಕೊಟ್ಟು ಚಲೋದು ತಗೊಂಡೋರನ್ನ ಕಂಡೀನಿ. ಚಲೋದು ಕೊಟ್ಟು ಐಬಿಂದು ಕೇಳೋರು ನೀವೇ ಮೊದ್ಲು. ಆಯ್ತು, ಈ ಐಬಿನ ಕಲಮಿಗೆ ಏನು ಬರೀಲಿ? ಖಾಲಿ ಬಿಟ್ರೆ ಚೀಟಿ ನಡೆಯಂಗಿಲ್ಲ ಅಂತ ನೀವೇ ಕಾನೂನು ಮಾಡಿಸೀರಿ.”

ಏಕಾಂತಪ್ಪನವರು ಯೋಚಿಸಿದರು. ಆ ಪ್ಲೇಟಿನಲ್ಲಿ ಬರೆಯಬಹುದಾದ ಐಬೇನೂ ಇರಲಿಲ್ಲ. ಇದ್ದದ್ದನ್ನು ಬರೆಯುವುದಾದರೆ ಅದು ಪ್ಲೇಟಿನದಲ್ಲ.

“ಅದಿರ್ಲಿ. ಮೊದ್ಲು ಹಳೇದು ತೆಗೀರಿ.”

“ಎಲ್ಲೈತ್ರಿ ಅದು? ಕಾರ್ಖಾನೆಯೋರು ವಾಪಸ್ ಬಂದಿದ್ದನ್ನ ಒಡೆದು ಹಾಕ್ರಿ ಅಂತಾರೆ. ಒಡೆಯಾಕೆ ನಂಗೆ ಮನಸ್ಸು ಬರಲ್ಲ. ಹರಿಹರದ ಮಸ್ತಾನಸಾಬ್ ಬಂದು ಎತ್ಕೊಂಡು ಹೋಗ್ತಾನೆ. ಬಿಸಿನೀರಾಗೆ ಹಾಕಿ ಮೆತ್ತಗೆ ಮಾಡಿ ಬಟ್ಟಲು ಒತ್ತುತಾನೆ. ನಿನ್ನೆನೇ ಹೋದ.” ಅಷ್ಟು ಹೇಳಿ, ಜಮಾಲುದ್ದೀನ್ ಒಂದು ಖಾಲಿ ಚೀಟಿಯನ್ನು ಹರಿದು ಏಕಾಂತಪ್ಪನವರ ಕೋಟಿನ ಜೇಬಿಗೆ ತುರುಕಿದರು. “ಇಟ್ಕೊಳ್ರಿ. ಏನು ಐಬು ಅಂತ ಗೊತ್ತಾದ ದಿನ ತುಂಬಿ ತಗೊಂಡು ಬರ್ರಿ.”

ಭಾನುವಾರ ಬೆಳಿಗ್ಗೆ ಏಕಾಂತಪ್ಪನವರು ಮೊದಲ ಬಸ್ಸಿಗೆ ಹರಿಹರದಲ್ಲಿ ಇಳಿದರು. ಭೀಮವ್ವನವರ ಮನೆ ಪೇಟೆಯ ದಾರಿಯಲ್ಲೇ ಇದ್ದುದರಿಂದ ಹೊಳೆಯ ಕಡೆಯಿಂದ ಬಳಸಿಕೊಂಡು ನಡೆದರು. ಒಂದು ಮೋಡವೂ ಇಲ್ಲದ ಆಕಾಶದ ಕೆಳಗೆ ಕೊಡೆಯನ್ನು ಮೂಗಿನವರೆಗೆ ಇಳಿಸಿಕೊಂಡು ಹೋಗುತ್ತಿದ್ದ ಅವರನ್ನು, ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು.

ಮಸ್ತಾನಸಾಬ್ ತನ್ನ ಮನೆಯ ಮುಂದೆ ಕುದಿಯುವ ಹಂಡೆಯ ಎದುರು ಕೂತಿದ್ದ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲೇಟನ್ನು ಇಕ್ಕಳದಿಂದ ಎತ್ತಿ, ಬೋರಲು ಹಾಕಿದ ತಂಬಿಗೆಯ ಮೇಲೆ ಹೊದಿಸಿ, ಒದ್ದೆ ಬಟ್ಟೆಯಿಂದ ಒತ್ತಿದರೆ ಅಲೆಯಂಚಿನ ಕಪ್ಪು ಬಟ್ಟಲು ತಯಾರಾಗುತ್ತಿತ್ತು. ಊರಿನವರು ಅದರಲ್ಲಿ ಹೂವು, ವಿಭೂತಿ, ಬೀಗದಕೈ ಇಡುತ್ತಿದ್ದರು. ಗೋಡೆಯ ಪಕ್ಕ ಹದಿನೇಳು ಬಟ್ಟಲುಗಳು ಸಾಲಾಗಿ ಆರುತ್ತಿದ್ದವು.

“ದಾವಣಗೆರೆ ಮಾಲಾ? ಎಲ್ಲಾ ಒತ್ತಿಬಿಟ್ಟೀನ್ರಿ,” ಎಂದ ಮಸ್ತಾನಸಾಬ್. “ನಿನ್ನೆ ಬಂದಿದ್ರ ಪ್ಲೇಟು ಸಿಗ್ತಿತ್ತು. ಇವತ್ತು ಬಟ್ಟಲ ಐತಿ.”

ಏಕಾಂತಪ್ಪನವರು ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು, ಅಳತೆಪಟ್ಟಿ ತೆಗೆದು, ಬಟ್ಟಲುಗಳನ್ನು ಒಂದೊಂದಾಗಿ ಬೋರಲು ಹಾಕಿ ತಳದ ತೂತನ್ನು ಅಳೆಯತೊಡಗಿದರು. ಒಂಬತ್ತನೆಯದಕ್ಕೆ ಕೈ ನಿಂತಿತು. “ಇದೇ,” ಎಂದರು.

“ಬಟ್ಟಲ ಆದ್ರೂ ಐಬು ಹೋಗಿಲ್ಲೇನ್ರಿ?”

“ಇಲ್ಲ. ಹಂಗೇ ಐತೆ,” ಎಂದರು ಏಕಾಂತಪ್ಪನವರು. ಐಬು ಇದೆಯೆಂದು ಹೇಳುವಾಗ ಅವರ ದನಿಯಲ್ಲಿ ನೆಮ್ಮದಿ ಸುಳಿದದ್ದು ಬಹುಶಃ ಅದೇ ಮೊದಲು. “ಮತ್ತೆ ಬಿಸಿನೀರಿಗೆ ಹಾಕಿ ಚಪ್ಪಟೆ ಮಾಡಾಕೆ ಬರ್ತೈತೇನು?”

“ಬರ್ತೈತ್ರಿ. ಆದ್ರ ಹಾಡಂಗಿಲ್ಲ. ಹಪ್ಪಳ ಆಗ್ತೈತಿ.” ಅವರ ಮುಖ ನೋಡಿ ಮಸ್ತಾನಸಾಬನಿಗೆ ಏನನ್ನಿಸಿತೋ, ಬಟ್ಟಲನ್ನು ಒರೆಸಿ ಅವರ ಕೈಗಿಟ್ಟ. “ತಗೊಂಡು ಹೋಗ್ರಿ ಸ್ವಾಮಿ. ಹಾಡು ಎಲ್ಲೂ ಹೋಗಿಲ್ಲ, ಒಳಗ ಐತಿ. ಮಡಿಕಿ ಬಿದ್ದೈತಿ, ಅಷ್ಟ.”

ಮಧ್ಯಾಹ್ನ ಏಕಾಂತಪ್ಪನವರು ಮನೆಗೆ ಬಂದು ಅದನ್ನು ಪಡಸಾಲೆಯ ಕಟ್ಟೆಯ ಮೇಲೆ ಇಟ್ಟರು. ಒಳಗೆ ಕೂಸು ಅಳುತ್ತಿತ್ತು.

“ಏನ್ರಿ ಇದು?” ಎಂದಳು ಪುಟ್ಟಕ್ಕ.

“ಪ್ಲೇಟು.”

“ಪ್ಲೇಟಾ?”

“ಆಗಿತ್ತು.”

ಪುಟ್ಟಕ್ಕ ಬಟ್ಟಲನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು, ಮತ್ತೆ ಬಟ್ಟಲನ್ನು ನೋಡಿದಳು. ಆಮೇಲೆ ಕಂಬ ಹಿಡಿದುಕೊಂಡು ನಗತೊಡಗಿದಳು. ಇಷ್ಟು ದಿನ ನಿದ್ದೆಗೆಟ್ಟವರ ನಗು ಬೇಗ ನಿಲ್ಲುವಂಥದಲ್ಲ. ಹೊನ್ನಕ್ಕ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು, ತಾನೂ ನಕ್ಕು, ಕೊನೆಗೆ ಕಣ್ಣೊರೆಸಿಕೊಂಡು ಕೇಳಿದಳು:

“ಅವ್ವಾ, ನಾನು ಕೂಸಾಗಿದ್ದಾಗ ನೀನು ಏನು ಹಾಡ್ತಿದ್ದೆ?”

ಪುಟ್ಟಕ್ಕನ ನಗು ನಿಂತಿತು. “ಒಂದೇ ಸಲ ಹಾಡಿದ್ದೆ. ನಿಮ್ಮಪ್ಪ ವಾಪಸ್ ಕೊಟ್ರು.”

ಹೊನ್ನಕ್ಕನಿಗೆ ಅದು ಅರ್ಥವಾಗಲಿಲ್ಲ. ಏಕಾಂತಪ್ಪನವರಿಗೆ ಆಯಿತು. ಅವರು ಕೊಡೆಯನ್ನು ಮೂಲೆಗೆ ಒರಗಿಸಿದರು. ಅದು ಜಾರಿತು; ಮತ್ತೆ ಒರಗಿಸಿದರು.

“ಈಗ ಹಾಡೋದಾದ್ರೆ ಹಾಡಬಹುದು,” ಎಂದರು.

“ಹಾಡಬಹುದು ಅಂದ್ರೆ? ಪಾಸೋ, ಫೇಲೋ?”

“ಪಾಸ್ ಅಂತ್ಲೇ ಇಟ್ಕೋ.”

“ಇಟ್ಕೊಳ್ಳೋದಲ್ರಿ. ಬಾಯಿಮಾತು ನಿಮ್ಮ ಮಿಲ್ಲಿನಾಗೆ ನಡೀತೈತಾ? ಬರ್ಕೊಡ್ರಿ.”

ಬರೆಯಲು ಕಾಗದಕ್ಕೆಂದು ಜೇಬಿಗೆ ಕೈಹಾಕಿದಾಗ ಸಿಕ್ಕಿದ್ದು ಜಮಾಲುದ್ದೀನರ ಖಾಲಿ ಚೀಟಿ. ಏಕಾಂತಪ್ಪನವರು ಅದನ್ನು ಕಟ್ಟೆಯ ಮೇಲೆ ಹರಡಿ, ಪೆನ್ನಿನ ಟೋಪಿ ಬಿಚ್ಚಿದರು. ಹೊನ್ನಕ್ಕ ಅವರ ಹೆಗಲ ಮೇಲಿಂದ ಬಗ್ಗಿ ಗಟ್ಟಿಯಾಗಿ ಓದುತ್ತ ಹೋದಳು. ಸರಕಿನ ಹೆಸರು: ಜೋಗುಳ. ಕೊಂಡ ದಿನ ಎಂಬಲ್ಲಿ ಅವರು ಒಂದು ಕ್ಷಣವೂ ತಡೆಯದೆ ‘೧೧ ಅಕ್ಟೋಬರ್ ೧೯೩೭, ಮಧ್ಯಾಹ್ನ ಎರಡೂವರೆ’ ಎಂದು ಬರೆದರು.

ಪುಟ್ಟಕ್ಕ ತಿರುಗಿ ನೋಡಿದಳು. ಆ ದಿನ ತನಗೊಬ್ಬಳಿಗೇ ನೆನಪಿದೆಯೆಂದು ಅವಳು ಇಪ್ಪತ್ತು ವರ್ಷ ತಿಳಿದುಕೊಂಡಿದ್ದಳು.

ಐಬಿನ ವಿವರಕ್ಕೆ ಬಂದಾಗ ಪೆನ್ನು ನಿಂತಿತು. ಏಕಾಂತಪ್ಪನವರು ಕೆಮ್ಮಿದರು. “ಮೂರನೇ ನುಡಿಯಾಗೆ ಅತ್ಯಲ್ಪ—”

“ಏನ್ರಿ?”

“ಏನಿಲ್ಲ.”

‘ಇಲ್ಲ’ ಎಂದು ಬರೆದರು. ಸಹಿ ಹಾಕಿದರು. ಊದಿ ಒಣಗಿಸಿ ಹೆಂಡತಿಯತ್ತ ಚಾಚಿದರು. ಪುಟ್ಟಕ್ಕ ಅದನ್ನು ಕೈಗೆತ್ತಿಕೊಂಡು, ಗಂಡ ಥಾನನ್ನು ನೋಡುವ ಧಾಟಿಯಲ್ಲೇ ಮೇಲಿಂದ ಕೆಳಕ್ಕೆ ನೋಡಿದಳು.

“ಠಸ್ಸೆ ಎಲ್ಲೈತೆ?”

“ಠಸ್ಸೆ? ಅದು ಮಿಲ್ಲಿನಾಗೈತೆ.”

“ಹಂಗಾದ್ರೆ ನಾಳೆ ಹಾಕಿಸ್ಕೊಂಡು ಬರ್ರಿ. ಠಸ್ಸೆ ಇಲ್ಲದ ಸರಕು ಪಾಸಾಗಿಲ್ಲ ಅಂತ ನೀವೇ ಹೇಳ್ತೀರಿ.”

“ಅದು ಮಿಲ್ಲಿನ ಠಸ್ಸೆ ಕಣೇ! ಬಟ್ಟೆಗೆ ಬಿಟ್ಟು ಇನ್ನೊಂದಕ್ಕೆ ಹಾಕಂಗಿಲ್ಲ.”

“ಬ್ಯಾಡ ಬಿಡ್ರಿ,” ಎಂದು ಪುಟ್ಟಕ್ಕ ಚೀಟಿಯನ್ನು ಹಿಂದಿರುಗಿಸಿ ಒಳಗೆ ನಡೆದಳು.

ಸೋಮವಾರ ಗಿರಣಿಯಲ್ಲಿ ಏಕಾಂತಪ್ಪನವರು ಬೆಳಗಿನಿಂದ ನೂರಾ ಹನ್ನೆರಡು ಥಾನುಗಳಿಗೆ ಠಸ್ಸೆ ಒತ್ತಿದರು. ಪ್ರತಿ ಸಲ ಒತ್ತುವಾಗಲೂ ಕೋಟಿನ ಜೇಬಿನೊಳಗಿನ ಚೀಟಿ ತಮ್ಮ ಎದೆಯನ್ನು ಚುಚ್ಚುತ್ತಿದೆಯೆಂದು ಅವರಿಗೆ ಅನಿಸುತ್ತಿತ್ತು. ಹನ್ನೊಂದು ಗಂಟೆಗೆ ಅರ್ಧ ದಿನದ ರಜೆ ಬರೆದುಕೊಟ್ಟರು. ಠಸ್ಸೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಬಾಗಿಲವರೆಗೆ ಹೋದರು. ಹಿಂದಿರುಗಿ ಬಂದು ಬೀಗ ತೆಗೆದರು. ಸುತ್ತ ನೋಡಿ, ಚೀಟಿಯನ್ನು ಮೇಜಿನ ಮೇಲೆ ಹರಡಿ, ‘ಇಲ್ಲ’ ಎಂಬುದರ ಪಕ್ಕದಲ್ಲಿ, ಅಕ್ಷರಗಳಿಗೆ ತಾಗದಂತೆ, ನೀಲಿ ಮಸಿಯ ಠಸ್ಸೆಯನ್ನು ನೆಟ್ಟಗೆ ಒತ್ತಿದರು. ಠಸ್ಸೆಯ ದಾಖಲೆ ಪುಸ್ತಕದಲ್ಲಿ ಅಂದಿನ ಸಂಖ್ಯೆಯನ್ನು ನೂರಾ ಹದಿಮೂರು ಎಂದು ತಿದ್ದಿ, ಷರಾದ ಕಲಮಿನಲ್ಲಿ ‘ಒಂದು, ಸ್ವಂತ’ ಎಂದು ಬರೆಯದೆ ಇರಲು ಅವರಿಂದ ಆಗಲಿಲ್ಲ.

ಅವರು ಮನೆ ಸೇರಿದಾಗ ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ಭೀಮವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಎದುರಿಗೆ ಒಂದು ತಟ್ಟೆ ಮಂಡಕ್ಕಿ, ಪಕ್ಕದಲ್ಲಿ ಹೊನ್ನಕ್ಕನ ಸೀರೆಗಳನ್ನು ಆಗಲೇ ತುಂಬಿದ ಚೀಲ. ಕೂಸು ತೊಟ್ಟಿಲು ಹರಿದುಹೋಗುವಂತೆ ಅಳುತ್ತಿತ್ತು.

“ಬರ್ರಿ ಬೀಗರ,” ಎಂದರು ಭೀಮವ್ವ. “ಕೇಳ್ರಿ ನಿಮ್ಮ ಮನಿ ಸಂಗೀತ.”

ಏಕಾಂತಪ್ಪನವರು ಚೀಟಿಯನ್ನು ಹೆಂಡತಿಯ ಕೈಗೆ ಕೊಟ್ಟರು. ಪುಟ್ಟಕ್ಕ ಠಸ್ಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಹೆಬ್ಬೆರಳಿನಿಂದ ಮೆಲ್ಲನೆ ಉಜ್ಜಿ, ಮಸಿ ನಿಜವಾದದ್ದೆಂದು ಖಾತ್ರಿ ಮಾಡಿಕೊಂಡಳು. ಗೂಡಿನಲ್ಲಿದ್ದ ಕಪ್ಪು ಬಟ್ಟಲಿನೊಳಗೆ ಅದನ್ನು ಮಡಿಸಿಟ್ಟಳು. ಆಮೇಲೆ ತೊಟ್ಟಿಲ ಪಕ್ಕ ಕೂತು, ಸೆರಗು ಸರಿಪಡಿಸಿಕೊಂಡು, ಹಾಡತೊಡಗಿದಳು.

ಮೊದಲ ನುಡಿಯಲ್ಲಿ ದನಿ ಬಹಳ ದಿನ ಸೇದದ ಬಾವಿಯ ರಾಟೆಯಂತೆ ಕಿರುಗುಟ್ಟಿತು. ಎರಡನೆಯದರಲ್ಲಿ ನೀರು ಸಿಕ್ಕಿತು. ಬಲಗೈ ಕೂಸಿನ ಬೆನ್ನು ತಟ್ಟುತ್ತಿದ್ದ ಹಾಗೆ, ಪ್ರತಿ ತಟ್ಟಿಗೂ ದನಿ ಒಂದು ಕೂದಲೆಳೆಯಷ್ಟು ಮೇಲೇರಿ ಇಳಿಯುತ್ತಿತ್ತು. ಏಕಾಂತಪ್ಪನವರಿಗೆ ಆ ಓಲಾಟ ಎಲ್ಲಿಯೋ ಕೇಳಿದ್ದೆನಿಸಿತು. ಎಲ್ಲಿ ಎಂದು ಹೊಳೆದಾಗ ಅವರು ಮೆಲ್ಲನೆ ಕಟ್ಟೆಯ ಮೇಲೆ ಕೂತರು.

ಮೂರನೆಯ ನುಡಿ ಬಂತು. ಇಪ್ಪತ್ತು ವರ್ಷಗಳ ಹಿಂದೆ ಜಾರಿದ್ದ ಅದೇ ಜಾಗದಲ್ಲಿ, ಅದೇ ಪ್ರಮಾಣದಲ್ಲಿ, ಶ್ರುತಿ ಜಾರಿತು. ಏಕಾಂತಪ್ಪನವರ ಬಾಯಿ ತಾನಾಗಿಯೇ ತೆರೆಯಿತು. ಪುಟ್ಟಕ್ಕ ಹಾಡುತ್ತಲೇ ಓರೆಗಣ್ಣಿನಿಂದ ಅವರನ್ನು ನೋಡಿದಳು. ಅವರು ಬೀಗಿತ್ತಿಯ ತಟ್ಟೆಯಿಂದ ಒಂದು ಮುಷ್ಟಿ ಮಂಡಕ್ಕಿ ಎತ್ತಿ ತೆರೆದ ಬಾಯಿಗೆ ಹಾಕಿಕೊಂಡರು.

ಐದನೆಯ ನುಡಿಯ ಹೊತ್ತಿಗೆ ಕೂಸಿನ ಅಳು ಬಿಕ್ಕಳಿಕೆಯಾಯಿತು, ಆರನೆಯದರಲ್ಲಿ ಅದೂ ನಿಂತಿತು. ಪುಟ್ಟಕ್ಕ ಹಾಡನ್ನು ಮೊದಲಿನಿಂದ ಇನ್ನೊಂದು ಸಲ ಹಾಡಿದಳು. ಹೊನ್ನಕ್ಕ ಚಾಪೆಯ ಮೇಲೆ ಒರಗಿದಳು. ಗೊರಕೆಯೊಂದು ಕೇಳಿ ಏಕಾಂತಪ್ಪನವರು ತಿರುಗಿ ನೋಡಿದರೆ, ಭೀಮವ್ವನವರ ತಲೆ ಗೋಡೆಗೆ ಒರಗಿ, ಬಾಯಿ ಅರ್ಧ ತೆರೆದು, ಕೈ ಚೀಲದ ಮೇಲೆ ಸಡಿಲವಾಗಿ ಬಿದ್ದಿತ್ತು. ಹನ್ನೆರಡೂವರೆಯ ಬಸ್ಸು ಹೋಯಿತು. ಎರಡರದ್ದೂ ಹೋಯಿತು. ಅವರನ್ನು ಎಬ್ಬಿಸುವಷ್ಟು ಅವಿವೇಕ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮೂರೂಕಾಲಿಗೆ ಭೀಮವ್ವ ತಾವಾಗಿಯೇ ಎಚ್ಚೆತ್ತು, ಬೆಚ್ಚಿ, ಸೆರಗು ಎಳೆದುಕೊಂಡರು. “ನಾ ನಿದ್ದಿ ಮಾಡಿಲ್ಲ. ಕಣ್ಣು ಮುಚ್ಚಿ ಕೇಳ್ತಿದ್ದೆ,” ಎಂದರು ಯಾರೂ ಕೇಳದೆ. ಎದ್ದು ಹೋಗಿ ತೊಟ್ಟಿಲಲ್ಲಿ ಇಣುಕಿದರು. ಕೂಸು ಎರಡೂ ಮುಷ್ಟಿಯನ್ನು ಕಿವಿಯ ಪಕ್ಕಕ್ಕೆ ಇಟ್ಟುಕೊಂಡು ಮಲಗಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ, ಹಿಂದಿರುಗಿ ಬಂದು, ಚೀಲದಿಂದ ಹೊನ್ನಕ್ಕನ ಸೀರೆಗಳನ್ನು ಒಂದೊಂದಾಗಿ ತೆಗೆದು ಚಾಪೆಯ ಮೇಲೆ ಇಟ್ಟರು.

“ಇರ್ಲಿ ಬಿಡ್ರಿ. ಐದನೇ ತಿಂಗಳಿಗೇ ಬರ್ತೀನಿ,” ಎಂದರು. ಚಪ್ಪಲಿ ಮೆಟ್ಟಿದರು. ಹೊಸಿಲು ದಾಟುವ ಮುನ್ನ ನಿಂತು, ದನಿ ತಗ್ಗಿಸಿದರು. “ಆದ್ರ ಬೀಗರ, ಮೂರನೇ ನುಡಿಯಾಗ ದನಿ ಒಂಚೂರು ಜಾರಿತಲ್ಲ?”

ಏಕಾಂತಪ್ಪನವರು ಕೋಟಿನ ಮೇಲಿನ ಗುಂಡಿ ಹಾಕಿಕೊಂಡರು.

“ಇಲ್ಲ ಬೀಗಿತ್ತಿಯವ್ರೇ,” ಎಂದರು. “ಐಬಿಲ್ಲ. ಪಾಸಾಗೈತೆ. ಠಸ್ಸೆನೂ ಬಿದ್ದೈತೆ.”

ಒಳಗೆ ಪುಟ್ಟಕ್ಕ ಲೋಟ ತೊಳೆಯುತ್ತಿದ್ದ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.